‘ಎಲ್ಲಾ ಮನಸ್ಸಿನದು’ ಅನ್ನುವ ಮುಂಚೆ

ನಮ್ಮ ಅಜ್ಜಿ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವಾಗ ಹಿತ್ತಾಳೆ ತಂಬಿಗೆಯನ್ನು ಬಾಗಿಲ ಪಕ್ಕದ ಕಂಬಕ್ಕೆ ಒಮ್ಮೆ ತಾಗಿಸುತ್ತಿದ್ದರು. ಟಣ್ ಅಂತ ಸದ್ದು. ಅಷ್ಟಕ್ಕೇ ಗೌರಿ ಕಿವಿ ನಿಮಿರಿಸುತ್ತಿದ್ದಳು. ಕರು ಬಿಡುವ ಮೊದಲೇ, ಕೆಚ್ಚಲಿಗೆ ಕೈ ಹಾಕುವ ಮೊದಲೇ, ಮೊಲೆಯ ತುದಿಯಲ್ಲಿ ಹಾಲು ಜಿನುಗುತ್ತಿತ್ತು. ‘ನೋಡು, ಸೊರೆ ಬಿಟ್ಲು’ ಅಂತ ಅಜ್ಜಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಆದರೆ ಅದೇ ಹೊತ್ತಿಗೆ ಹೊಸಬರು ಯಾರಾದರೂ ಕೊಟ್ಟಿಗೆ ಬಾಗಿಲಲ್ಲಿ ಬಂದು ನಿಂತರೆ ಮುಗಿಯಿತು. ಗೌರಿ ಹಾಲು ಏರಿಸಿಕೊಂಡುಬಿಡುತ್ತಿದ್ದಳು. ಎಷ್ಟು ಹಿಂಡಿದರೂ ಬರುತ್ತಿರಲಿಲ್ಲ. ರಜೆಗೆ ಬಂದ ಮಕ್ಕಳನ್ನೆಲ್ಲ ಅಜ್ಜಿ ಆ ಹೊತ್ತಿನಲ್ಲಿ ಅಂಗಳಕ್ಕೆ ಅಟ್ಟುತ್ತಿದ್ದದ್ದು ಅದಕ್ಕೇ.

ಆಮೇಲೆ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪುಸ್ತಕದಲ್ಲಿ ಆ ಚಿತ್ರ ಬಂತು. ನೀವೂ ನೋಡಿರುತ್ತೀರಿ. ಒಂದು ನಾಯಿ, ಒಂದು ಗಂಟೆ, ಒಂದು ಬಟ್ಟಲು. ಗಂಟೆ ಬಾರಿಸಿ ಊಟ ಕೊಡುತ್ತಾ ಹೋದರೆ, ಕೊನೆಗೆ ಗಂಟೆ ಕೇಳಿದರೆ ಸಾಕು, ನಾಯಿಯ ಬಾಯಲ್ಲಿ ನೀರೂರುತ್ತದೆ. ಕಂಡುಹಿಡಿದವನು ರಷ್ಯಾದ ಇವಾನ್ ಪಾವ್ಲೋವ್. ಹೆಸರು, ಅನುಬಂಧಿತ ಪ್ರತಿವರ್ತನೆ. ಬಿ.ಎಡ್. ಓದಿದವರಿಗೆ, ಟಿಇಟಿ ಬರೆದವರಿಗೆ ಇದು ಬಾಯಿಪಾಠ. ನನಗೆ ಮಾತ್ರ ಒಂದು ಪ್ರಶ್ನೆ ಕಾಡುತ್ತಲೇ ಇತ್ತು. ಇದರಲ್ಲಿ ಹೊಸದೇನಿದೆ? ಹಸು ಕಟ್ಟಿದವರಿಗೆ, ನಾಯಿ ಸಾಕಿದವರಿಗೆ ಇದು ಮೊದಲಿಂದ ಗೊತ್ತಲ್ವಾ? ತಟ್ಟೆ ಸದ್ದಾದರೆ ಬೀದಿ ನಾಯಿ ಓಡಿ ಬರುತ್ತದೆ. ಇಷ್ಟನ್ನು ಹೇಳಲು ಒಬ್ಬ ದೊಡ್ಡ ವಿಜ್ಞಾನಿ ಬದುಕಿನ ಕೊನೆಯ ಮೂವತ್ತಕ್ಕೂ ಹೆಚ್ಚು ವರ್ಷ ಯಾಕೆ ಸವೆಸಬೇಕು? ಅದೂ ಬೇರೆ ಕೆಲಸಕ್ಕೆ ಅದಾಗಲೇ ಹೆಸರು ಮಾಡಿದವನು?

ಉತ್ತರ ಸಿಕ್ಕಿದ್ದು ಪುಸ್ತಕದ ಆ ಚಿತ್ರದಿಂದಲ್ಲ. ನಮ್ಮ ಚಿಕ್ಕಮ್ಮನ ಕಾಯಿಲೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಬೇಕು.

ಹೊಟ್ಟೆಯಿಂದ ಶುರುವಾದದ್ದು

ಪಾವ್ಲೋವ್ ಹುಟ್ಟಿದ್ದು 1849ರಲ್ಲಿ, ರಿಯಾಜಾನ್ ಅನ್ನುವ ಊರಿನಲ್ಲಿ. ಅಪ್ಪ ಪಾದ್ರಿ. ಮಗನೂ ಪಾದ್ರಿಯಾಗಲೆಂದು ಸೆಮಿನರಿಗೆ ಸೇರಿಸಿದ್ದರು. ಅಲ್ಲಿ ಓದುವಾಗಲೇ ಅವನ ಕೈಗೆ ರಷ್ಯಾದ ಶರೀರಕ್ರಿಯಾ ವಿಜ್ಞಾನಿ ಸೆಚೆನೊವ್ ಬರೆದ ಪುಸ್ತಕ ಸಿಕ್ಕಿತು. ಮಿದುಳಿನ ಕೆಲಸವನ್ನೂ ನರಗಳ ಪ್ರತಿಕ್ರಿಯೆ ಅಂತಲೇ ನೋಡಬಹುದು ಅನ್ನುವ ಮಾತು ಅದರಲ್ಲಿತ್ತು. 1870ರಲ್ಲಿ ಸೆಮಿನರಿ ಬಿಟ್ಟು ರಾಜಧಾನಿಯ ವಿಶ್ವವಿದ್ಯಾಲಯಕ್ಕೆ ಬಂದ. ಆದರೆ ಮಿದುಳಿನ ಕಡೆ ತಿರುಗಲು ಅವನಿಗೆ ಇನ್ನೂ ಮೂವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೂ ಅವನ ತಲೆಯಲ್ಲಿ ಇದ್ದದ್ದು ಜೀರ್ಣ.

1891ರಿಂದ ಅವನು ಅಲ್ಲಿನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಶರೀರಕ್ರಿಯಾ ವಿಭಾಗ ನಡೆಸುತ್ತಿದ್ದ. ಆ ಕಾಲದಲ್ಲಿ ಹೊಟ್ಟೆಯ ಕೆಲಸ ನೋಡಬೇಕು ಅಂದರೆ ಪ್ರಾಣಿಯನ್ನು ಕೊಯ್ದು, ಅದು ಸಾಯುವ ಮುಂಚೆ ಸಿಕ್ಕಷ್ಟು ನೋಡುವುದು ರೂಢಿ. ಪಾವ್ಲೋವ್‌ಗೆ ಅದು ಹಿಡಿಸಲಿಲ್ಲ. ಸಾಯುತ್ತಿರುವ ನಾಯಿಯ ಹೊಟ್ಟೆ, ಉಣ್ಣುತ್ತಿರುವ ನಾಯಿಯ ಹೊಟ್ಟೆಯ ಕಥೆ ಹೇಳುವುದಿಲ್ಲ ಅನ್ನುವುದು ಅವನ ವಾದ. ಅವನು ಶಸ್ತ್ರಚಿಕಿತ್ಸೆ ಮಾಡಿ, ನಾಯಿಯನ್ನು ಆರೈಕೆ ಮಾಡಿ, ಗಾಯ ಪೂರ್ತಿ ಒಣಗಿದ ಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೇ ನಾಯಿಯನ್ನು ಗಮನಿಸುತ್ತಿದ್ದ. ಅನ್ನನಾಳವನ್ನು ಕತ್ತರಿಸಿ ಕುತ್ತಿಗೆಯಲ್ಲಿ ಹೊರಕ್ಕೆ ತಂದ ನಾಯಿ ಮಾಂಸ ಅಗಿದು ನುಂಗಿದರೆ, ತುತ್ತು ಹೊಟ್ಟೆಗೆ ಹೋಗದೆ ಕುತ್ತಿಗೆಯಿಂದಲೇ ಬಿದ್ದುಹೋಗುತ್ತಿತ್ತು. ಆದರೂ ಐದಾರು ನಿಮಿಷದಲ್ಲಿ ಹೊಟ್ಟೆಯಿಂದ ಜಠರ ರಸ ಸುರಿಯಲು ಶುರುವಾಗುತ್ತಿತ್ತು. ಹೊಟ್ಟೆಗೆ ಹೋಗುವ ವೇಗಸ್ ನರ ಕತ್ತರಿಸಿದರೆ ಆ ರಸ ಇಲ್ಲ. ಅಂದರೆ ರುಚಿಯ ಸುದ್ದಿ ನರದ ದಾರಿಯಲ್ಲೇ ಹೊಟ್ಟೆಗೆ ತಲುಪುತ್ತಿತ್ತು. ಆ ಶುದ್ಧ ರಸವನ್ನು ಅಜೀರ್ಣಕ್ಕೆ ಔಷಧಿಯಾಗಿ ಬಾಟಲಿಯಲ್ಲಿ ಮಾರುತ್ತಲೂ ಇದ್ದರು. ಪ್ರಯೋಗಾಲಯಕ್ಕೆ ಅದರಿಂದ ಒಳ್ಳೆಯ ಆದಾಯ ಇತ್ತು. 1904ರಲ್ಲಿ ಪಾವ್ಲೋವ್‌ಗೆ ನೊಬೆಲ್ ಬಂದದ್ದು ಈ ಜೀರ್ಣದ ಕೆಲಸಕ್ಕೆ. ಗಂಟೆಗೂ ಅದಕ್ಕೂ ಸಂಬಂಧ ಇಲ್ಲ.

ಆದರೆ ಈ ಕೆಲಸದಲ್ಲಿ ಒಂದು ಕಿರಿಕಿರಿ ಇತ್ತು. ನಾಯಿ ತಿನ್ನುವ ಮೊದಲೇ ರಸ ಬರುತ್ತಿತ್ತು. ಮಾಂಸ ತೋರಿಸಿದರೆ ಬರುತ್ತಿತ್ತು. ಊಟ ಹಾಕುವ ಆಳಿನ ಹೆಜ್ಜೆ ಸದ್ದಿಗೂ ಬರುತ್ತಿತ್ತು. ಲೆಕ್ಕ ಕೆಡಿಸುವ ಈ ರಸಕ್ಕೆ ‘ಮಾನಸಿಕ ಸ್ರಾವ’ ಅಂತ ಹೆಸರಿಟ್ಟು, ಅದು ಆಗದ ಹಾಗೆ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಮಾನಸಿಕ ಅಂದಮೇಲೆ ಅದು ಶರೀರಕ್ರಿಯೆ ಓದುವವರ ಕೆಲಸ ಅಲ್ಲ, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡಿದ್ದರು. ಮೊದಮೊದಲು ಪಾವ್ಲೋವ್ ಕೂಡ.

ಗ್ರಂಥಿಗೆ ಎಲ್ಲ ಗೊತ್ತಿತ್ತು

ತಿರುವು ಬಂದದ್ದು ಎಂಜಲಿನಿಂದ. ನಾಯಿಯ ಕೆನ್ನೆಯ ಎಂಜಲು ಗ್ರಂಥಿಯ ನಾಳವನ್ನು ಬಾಯಿಯ ಒಳಗಿನಿಂದ ಹೊರಗಿನ ಚರ್ಮಕ್ಕೆ ತಂದು ಹೊಲಿದರೆ, ಹನಿಗಳು ಹೊರಗೆ ಬೀಳುತ್ತವೆ. ಚಿಕ್ಕ ಶಸ್ತ್ರಚಿಕಿತ್ಸೆ. ನಾಯಿ ಆರಾಮಾಗಿ ಉಂಡುಟ್ಟು ಇರುತ್ತದೆ. ಹನಿ ಎಣಿಸಬಹುದು. ವೂಲ್ಫ್‌ಸನ್ ಅನ್ನುವ ಸಹಾಯಕ 1890ರ ದಶಕದ ಕೊನೆಗೆ ಈ ಹನಿಗಳನ್ನು ಎಣಿಸಿದ. ಒಣ ರೊಟ್ಟಿಯ ಪುಡಿ ಕೊಟ್ಟರೆ ಎಂಜಲು ಜಾಸ್ತಿ, ಹಸಿ ಮಾಂಸಕ್ಕೆ ಕಡಿಮೆ. ಬಾಯಿಗೆ ಮರಳು ಹಾಕಿದರೆ ತೊಳೆದು ಹಾಕಲು ನೀರಿನಂಥ ಎಂಜಲು ಧಾರಾಳ. ದುಂಡು ಕಲ್ಲು ಹಾಕಿದರೆ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಯಾಕೆಂದರೆ ಅದನ್ನು ನಾಲಿಗೆಯಿಂದ ಉಗುಳಿದರೆ ಸಾಕು. ಇಲ್ಲಿಯವರೆಗೆ ಸರಿ. ಆಮೇಲಿನದ್ದು ಅಚ್ಚರಿ. ಬಾಯಿಗೆ ಹಾಕದೆ, ಸುಮ್ನೆ ದೂರದಿಂದ ತೋರಿಸಿದಾಗಲೂ ಇದೇ ಲೆಕ್ಕ. ಒಣ ರೊಟ್ಟಿ ತೋರಿಸಿದರೆ ಜಾಸ್ತಿ, ಹಸಿ ಮಾಂಸಕ್ಕೆ ಕಡಿಮೆ. ನಾಯಿಗೆ ಇಷ್ಟ ಮಾಂಸ. ಆಸೆಯೇ ಎಂಜಲು ತರಿಸುವುದಾದರೆ ಮಾಂಸಕ್ಕೆ ತಾನೇ ಜಾಸ್ತಿ ಬರಬೇಕು?

ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಈ ಘಟ್ಟ. ವೂಲ್ಫ್‌ಸನ್ ಆದಮೇಲೆ ಬಂದ ಸ್ನಾರ್ಸ್ಕಿ ಅನ್ನುವ ಇನ್ನೊಬ್ಬ ಸಹಾಯಕ, ನಾಯಿಯ ಮನಸ್ಸಿನಲ್ಲಿ ಏನು ನಡೆಯುತ್ತದೆ ಅಂತ ವಿವರಿಸಲು ಹೊರಟ. ಅದರ ಆಸೆ, ಅದರ ನೆನಪು, ಅದರ ಭಾವನೆ. ಪಾವ್ಲೋವ್ ಒಪ್ಪಲಿಲ್ಲ. ಇಬ್ಬರಿಗೂ ದೊಡ್ಡ ಚರ್ಚೆ ನಡೆಯಿತು. ನಾಯಿಯ ಒಳಗೆ ಹೊಕ್ಕು ನೋಡಲು ನಮಗೆ ದಾರಿ ಇಲ್ಲ. ನಮ್ಮ ಮನಸ್ಸನ್ನು ಅದಕ್ಕೆ ತೊಡಿಸಿ ಮಾತಾಡಿದರೆ ಇಬ್ಬರು ಹೇಳುವುದು ಎಂದೂ ಒಂದೇ ಆಗುವುದಿಲ್ಲ. ಆದ್ದರಿಂದ ಹೊರಗೆ ಏನು ಕೊಟ್ಟೆವು, ಹೊರಗೆ ಎಷ್ಟು ಹನಿ ಬಿತ್ತು, ಅಷ್ಟನ್ನೇ ಬರೆಯೋಣ ಅನ್ನುವುದು ಅವನ ನಿಲುವು. 1901ರಿಂದ ತೊಲೊಚಿನೊವ್ ಜೊತೆ ಈ ದಾರಿಯಲ್ಲಿ ಪ್ರಯೋಗ ಶುರುವಾಯಿತು. 1903ರಲ್ಲಿ ಮ್ಯಾಡ್ರಿಡ್‌ನ ವೈದ್ಯಕೀಯ ಸಮ್ಮೇಳನದಲ್ಲಿ ಪಾವ್ಲೋವ್ ಇದನ್ನು ಲೋಕಕ್ಕೆ ಹೇಳಿದ.

ಇದನ್ನು ಓದಿದವರು ‘ಪಾವ್ಲೋವ್ ನಾಯಿಯನ್ನು ಯಂತ್ರ ಮಾಡಿಬಿಟ್ಟ’ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತನಗೆ ಗೊತ್ತಿಲ್ಲದ್ದನ್ನು ನಾಯಿಯ ಮೇಲೆ ಹೇರುವುದಿಲ್ಲ ಅಂತ ಒಬ್ಬ ಹೇಳಿದರೆ ಅದು ಒಂದು ಬಗೆಯ ಮರ್ಯಾದೆ. ಎಷ್ಟೋ ಪ್ರೀತಿಯ ಮಾತಿಗಿಂತ ಅದು ದೊಡ್ಡದು. ಅವನು ಮಾನಸಿಕ ಅನ್ನುವುದನ್ನು ಸುಳ್ಳು ಅನ್ನಲಿಲ್ಲ. ಮಾನಸಿಕ ಅಂತ ಬದಿಗೆ ತಳ್ಳಿದ್ದು ಹನಿ ಹನಿಯಾಗಿ ಬೀಳುತ್ತದೆ, ಅದಕ್ಕೂ ನಿಯಮ ಇದೆ, ಅದನ್ನು ಅಳೆಯಬಹುದು ಅಂತ ತೋರಿಸಿದ. ನಮ್ಮ ಅಜ್ಜಿಗೆ ಗೊತ್ತಿದ್ದ ವಿಷಯಕ್ಕೂ ಅವನ ಕೆಲಸಕ್ಕೂ ಇರುವ ದೂರ ಅಷ್ಟು.

ಅಂದಹಾಗೆ ಅಜ್ಜಿ ಮಕ್ಕಳನ್ನು ಅಂಗಳಕ್ಕೆ ಅಟ್ಟುತ್ತಿದ್ದರಲ್ಲ, ಆ ತೊಂದರೆ ಪಾವ್ಲೋವ್‌ಗೂ ಇತ್ತು. ಒಬ್ಬ ಸಹಾಯಕ ನಾಯಿಗೆ ಹೊಸದಾಗಿ ಏನೋ ಕಲಿಸಿರುತ್ತಾನೆ. ಖುಷಿಯಿಂದ ಗುರುವನ್ನು ಕರೆಯುತ್ತಾನೆ. ಪಾವ್ಲೋವ್ ಬಂದು ನಿಂತ ತಕ್ಷಣ ಒಂದು ಹನಿಯೂ ಬೀಳುವುದಿಲ್ಲ. ನಾಯಿ ಅವನನ್ನೇ ನೋಡುತ್ತಾ ನಿಲ್ಲುತ್ತದೆ. ಹೊಸದು ಬಂದಾಗ ‘ಏನದು?’ ಅಂತ ತಿರುಗುವುದೂ ಒಂದು ಪ್ರತಿಕ್ರಿಯೆ, ಅದು ಕಲಿತದ್ದನ್ನು ಆ ಗಳಿಗೆಗೆ ಅದುಮಿಡುತ್ತದೆ ಅಂತ ಅವನು ಬರೆದ. ಈ ಕಾಟಕ್ಕೇ 1910ರ ಹೊತ್ತಿಗೆ ಮಾಸ್ಕೋದ ಒಂದು ಸಂಘದ ದುಡ್ಡಿನಲ್ಲಿ ಹೊಸ ಕಟ್ಟಡ ಶುರು ಮಾಡಿದರು. ದಪ್ಪ ಗೋಡೆ, ಸುತ್ತ ಕಂದಕ, ನಾಯಿಗೊಂದು ಕೋಣೆ, ನೋಡುವವನಿಗೆ ಇನ್ನೊಂದು ಕೋಣೆ. ‘ಮೌನದ ಗೋಪುರ’ ಅನ್ನುತ್ತಿದ್ದರು. ಅಲ್ಲಿ ಬಳಸುತ್ತಿದ್ದದ್ದು ಹೆಚ್ಚಾಗಿ ಗಂಟೆಯೂ ಅಲ್ಲ. ತಾಳ ಹಾಕುವ ಮೆಟ್ರೊನೋಮ್ ಯಂತ್ರದ ಟಿಕ್ ಟಿಕ್, ನೀರಿನಲ್ಲಿ ಗುಳ್ಳೆ ಏಳುವ ಸದ್ದು, ಬೆಳಕು, ಚರ್ಮದ ಮೇಲೆ ಮೆಲ್ಲನೆ ಒತ್ತುವ ಸಲಕರಣೆ. ಬೇಕಾದಷ್ಟೇ ಜೋರು, ಬೇಕಾದಷ್ಟೇ ಹೊತ್ತು ಕೊಡಲು ಇವು ಸುಲಭ.

ಕೆಂಪು ಶರಬತ್ತು

ಈಗ ಚಿಕ್ಕಮ್ಮನ ವಿಷಯ. ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಕೀಮೋ. ಊರಿನಿಂದ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು. ಅವರಿಗೆ ಕೊಡುತ್ತಿದ್ದ ಔಷಧಿಗಳಲ್ಲಿ ಒಂದು ಕೆಂಪು. ಡಾಕ್ಸೊರುಬಿಸಿನ್. ಆ ಕೆಂಪು ದ್ರವ ಸಣ್ಣ ಕೊಳವೆಯಲ್ಲಿ ಇಳಿದು ಕೈಯೊಳಗೆ ಹೋಗುವುದನ್ನು ಅವರು ಕಣ್ಣಿಟ್ಟು ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಎರಡು ದಿನ ವಾಂತಿ. ನೀರು ಕೂಡ ನಿಲ್ಲುತ್ತಿರಲಿಲ್ಲ. ಅಷ್ಟಾದರೂ ಅವರು ಆಸ್ಪತ್ರೆಯಲ್ಲಿ ವಾಂತಿಯ ಬಗ್ಗೆ ಹೆಚ್ಚು ಹೇಳಲಿಲ್ಲ. ಕ್ಯಾನ್ಸರ್ ಎದುರಿಗೆ ವಾಂತಿ ಏನು ಮಹಾ, ತಡೆದುಕೊಳ್ತೀನಿ ಅಂದರು. ನಮಗೂ ಅದು ಧೈರ್ಯದ ಮಾತು ಅನ್ನಿಸಿತು. ಮೂರನೇ ಸುತ್ತಿನ ಹೊತ್ತಿಗೆ ಆಟೋ ಆಸ್ಪತ್ರೆಯ ರಸ್ತೆಗೆ ತಿರುಗುತ್ತಿದ್ದ ಹಾಗೇ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಔಷಧಿ ಇನ್ನೂ ಮೈಗೆ ಹೋಗಿಯೇ ಇರಲಿಲ್ಲ.

ಚಿಕಿತ್ಸೆ ಮುಗಿಯಿತು. ಚಿಕ್ಕಮ್ಮ ಹುಷಾರಾದರು. ಕೂದಲು ಬೆಳೆಯಿತು, ಮತ್ತೆ ಹೂ ಮುಡಿದರು. ಕೆಲವು ವರ್ಷ ಕಳೆದ ಮೇಲೆ ಒಂದು ಮದುವೆಗೆ ಹೋಗಿದ್ದೆವು. ಬಿಸಿಲು ಜೋರು. ಬಾಗಿಲಲ್ಲೇ ಎಲ್ಲರಿಗೂ ತಣ್ಣನೆಯ ಪಾನಕ ಕೊಡುತ್ತಿದ್ದರು. ಹುಡುಗನೊಬ್ಬ ತಟ್ಟೆ ಹಿಡಿದು ಬಂದ. ಗಾಜಿನ ಲೋಟ, ಅದರಲ್ಲಿ ಕೆಂಪು ಗುಲಾಬಿ ಶರಬತ್ತು, ಮೇಲಿನಿಂದ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಚಿಕ್ಕಮ್ಮ ಯಾರ ಜೊತೆಗೋ ನಗುತ್ತಾ ಮಾತಾಡುತ್ತಾ ಕೈ ಚಾಚಿದರು. ಲೋಟ ನೋಡಿದರು. ಮುಖ ಬಿಳಿಚಿತು. ಪಕ್ಕದ ಗಿಡದ ಹತ್ತಿರ ಓಡಿದರು. ರೇಷ್ಮೆ ಸೀರೆ, ಸುತ್ತ ಜನ. ನಾನು ಹಿಂದೆ ಓಡಿ ಬೆನ್ನು ನೀವಿದೆ. ಅವರ ಕೈ ತಣ್ಣಗಿತ್ತು, ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ಆಮೇಲೆ ಶುರುವಾಯಿತು ಬುದ್ಧಿಮಾತು. ‘ಎಲ್ಲಾ ಮನಸ್ಸಿನದು ಕಣೇ.’ ‘ಹಳೆಯದನ್ನ ಯಾಕೆ ಯೋಚನೆ ಮಾಡ್ತೀಯ?’ ‘ಮನಸ್ಸು ಗಟ್ಟಿ ಮಾಡ್ಕೋ.’ ಹೇಳಿದವರೆಲ್ಲ ಅವರನ್ನು ಪ್ರೀತಿಸುವವರೇ. ಚಿಕ್ಕಮ್ಮ ತಲೆ ತಗ್ಗಿಸಿ ಕೂತಿದ್ದರು, ತಪ್ಪು ಮಾಡಿದವರ ಹಾಗೆ. ಕೊನೆಗೆ ಸಣ್ಣ ದನಿಯಲ್ಲಿ ಅಂದರು, ‘ನಾನು ಏನೂ ಯೋಚನೆ ಮಾಡ್ಲಿಲ್ಲ. ಲೋಟ ನೋಡಿದೆ ಅಷ್ಟೇ. ಅದು ಬಂದ್ಮೇಲೇನೇ ನಂಗೆ ಆಸ್ಪತ್ರೆ ನೆನಪಾಗಿದ್ದು.’

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮೈ ಮೊದಲು, ನೆನಪು ಆಮೇಲೆ. ಯೋಚನೆಯಿಂದ ವಾಂತಿ ಬಂದಿರಲಿಲ್ಲ. ವಾಂತಿಯಿಂದ ಯೋಚನೆ ಬಂದಿತ್ತು. ಸ್ನಾರ್ಸ್ಕಿ ಜೊತೆ ಪಾವ್ಲೋವ್ ವಾದಿಸಿದ್ದು ಇದನ್ನೇ. ಗ್ರಂಥಿಯ ಕೆಲಸಕ್ಕೆ ಆಸೆ, ನೆನಪು ಅಂತ ಕಾರಣ ಕೊಡಬೇಡ, ಅದು ತನ್ನ ದಾರಿಯಲ್ಲಿ ಕಲಿತಿದೆ ಅಂತ. ನಮ್ಮ ಮನೆಯವರು ಚಿಕ್ಕಮ್ಮನ ಇಚ್ಛಾಶಕ್ತಿಗೆ ಬುದ್ಧಿ ಹೇಳುತ್ತಿದ್ದರು. ಕಲಿತದ್ದು ಅವರ ಇಚ್ಛೆಯಲ್ಲ, ಹೊಟ್ಟೆ ಮತ್ತು ನರ.

ವಾಂತಿಗೆ ಸಂಬಂಧಿಸಿದ ಕಲಿಕೆ ಉಳಿದದ್ದಕ್ಕಿಂತ ಜೋರು ಕೂಡ. 1955ರಲ್ಲಿ ಅಮೆರಿಕದ ಜಾನ್ ಗಾರ್ಸಿಯಾ ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿ ನೀರು ಕೊಟ್ಟು, ಅದೇ ಹೊತ್ತಿನಲ್ಲಿ ಹೊಟ್ಟೆ ಕೆಡಿಸುವ ವಿಕಿರಣಕ್ಕೆ ಒಡ್ಡಿದ. ಆಮೇಲೆ ಆ ಇಲಿಗಳು ಸಿಹಿ ನೀರು ಮುಟ್ಟಲಿಲ್ಲ. ಪಾವ್ಲೋವ್‌ನ ನಾಯಿಗೆ ಮೆಟ್ರೊನೋಮ್ ಕಲಿಯಲು ಮತ್ತೆ ಮತ್ತೆ ಜೋಡಿಸಿ ಕೊಡಬೇಕಿತ್ತು. ಹೊಟ್ಟೆ ಕೆಟ್ಟರೆ ಮಾತ್ರ ಒಂದೇ ಸಲ ಸಾಕಾಗುತ್ತದೆ. ವಿಷ ತಿಂದು ಬದುಕಿದ ಪ್ರಾಣಿಗೆ ಎರಡನೇ ಪಾಠಕ್ಕೆ ಅವಕಾಶ ಸಿಗುವುದಿಲ್ಲವಲ್ಲ. 1978ರಲ್ಲಿ ಐಲೀನ್ ಬರ್ನ್‌ಸ್ಟೈನ್ ಇದನ್ನು ಕ್ಯಾನ್ಸರ್ ಇದ್ದ ಮಕ್ಕಳಲ್ಲೇ ತೋರಿಸಿದಳು. ಹೊಟ್ಟೆ ಕೆಡಿಸುವ ಕೀಮೋಗೆ ಸ್ವಲ್ಪ ಮೊದಲು ಹೊಸ ರುಚಿಯ ಐಸ್‌ಕ್ರೀಂ ತಿಂದ ಮಕ್ಕಳಲ್ಲಿ ಹೆಚ್ಚಿನವರು ಆಮೇಲೆ ಅದನ್ನು ಬೇಡ ಅಂದರು. ಐಸ್‌ಕ್ರೀಂ ಏನೂ ತಪ್ಪು ಮಾಡಿಲ್ಲ ಅಂತ ದೊಡ್ಡವರಿಗೆ ಗೊತ್ತು. ಹಾಗೆ ಗೊತ್ತಿರುವುದು ಹೊಟ್ಟೆಗೆ ತಲುಪುವುದಿಲ್ಲ.

ಮರೆತದ್ದು ಎಲ್ಲಿಗೆ ಹೋಗುತ್ತದೆ

ಪಾವ್ಲೋವ್ ಕಂಡದ್ದರಲ್ಲಿ ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ದಾಟಿಹೋಗುವ ಒಂದು ಸಂಗತಿ ಇದೆ. ನಾನು ಅದನ್ನೇ ಅವನ ದೊಡ್ಡ ಶೋಧ ಅನ್ನುತ್ತೇನೆ. ಮೆಟ್ರೊನೋಮ್ ಕೇಳಿದರೆ ಎಂಜಲು ಬರುವ ನಾಯಿಗೆ, ಊಟ ಕೊಡದೆ ಬರೀ ಮೆಟ್ರೊನೋಮ್ ಕೇಳಿಸುತ್ತಾ ಹೋಗಿ. ಹನಿ ಕಡಿಮೆಯಾಗುತ್ತಾ ಬಂದು ನಿಂತುಹೋಗುತ್ತದೆ. ಮರೆತುಹೋಯಿತು ಅಂದುಕೊಳ್ಳುತ್ತೇವೆ. ಆದರೆ ನಾಯಿಯನ್ನು ಅದರ ಪಾಡಿಗೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೆಟ್ರೊನೋಮ್ ಹಾಕಿದರೆ ಎಂಜಲು ಬರುತ್ತದೆ. ಯಾರೂ ಮತ್ತೆ ಕಲಿಸಿಲ್ಲ. ಇನ್ನೊಂದು ವಿಚಿತ್ರ ಇದೆ. ಹನಿ ಪೂರ್ತಿ ನಿಂತಿರುವಾಗ ಪಕ್ಕದಲ್ಲಿ ಏನೋ ಬೇರೆ ಸದ್ದಾದರೆ, ನಿಂತದ್ದು ತಟ್ಟನೆ ಹೊರಗೆ ಬರುತ್ತದೆ. ಇದರಿಂದ ಪಾವ್ಲೋವ್‌ಗೆ ಸ್ಪಷ್ಟವಾಯಿತು. ಕಲಿತದ್ದು ಅಳಿದಿರಲಿಲ್ಲ. ಅದರ ಮೇಲೆ ‘ಈಗ ಬೇಡ’ ಅನ್ನುವ ಇನ್ನೊಂದು ಕಲಿಕೆ ಕೂತಿತ್ತು. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ.

ಇದು ಪ್ರಯೋಗಾಲಯದ ಗೋಡೆ ಒಡೆದುಕೊಂಡು ಬಂದದ್ದು 1924ರ ಸೆಪ್ಟೆಂಬರ್ 23ರಂದು. ಅಷ್ಟು ಹೊತ್ತಿಗೆ ಸೇಂಟ್ ಪೀಟರ್ಸ್‌ಬರ್ಗಿನ ಹೆಸರು ಲೆನಿನ್‌ಗ್ರಾಡ್ ಆಗಿತ್ತು. ಪಾವ್ಲೋವ್ ಕ್ರಾಂತಿ ನೋಡಿದ್ದ, ಅಂತರ್ಯುದ್ಧದ ಹಸಿವು ನೋಡಿದ್ದ, ಆ ವರ್ಷಗಳಲ್ಲಿ ನಾಯಿಗಳೂ ಹಸಿದು ಸತ್ತಿದ್ದವು. ಅವನ ಕೆಲಸ ನಿಲ್ಲಬಾರದು ಅಂತ 1921ರಲ್ಲಿ ಲೆನಿನ್ ಆದೇಶ ಹೊರಡಿಸಿದ ಮೇಲೆ ಸ್ಥಿತಿ ಸುಧಾರಿಸಿತ್ತು. ಅಷ್ಟರಲ್ಲಿ ಈ ನೆರೆ. ಸಮುದ್ರದ ಕಡೆಯಿಂದ ಬಿರುಗಾಳಿ ಬೀಸಿ ನೆವಾ ನದಿ ಹಿಮ್ಮುಖವಾಗಿ ಉಬ್ಬಿತು. ಸಂಸ್ಥೆಯ ಆವರಣದ ನಾಯಿಗೂಡುಗಳಿಗೆ ನೀರು ನುಗ್ಗಿತು. ಮರಗಳು ಮುರಿದು ಬೀಳುತ್ತಿದ್ದವು, ಅಲೆ ಗೋಡೆಗೆ ಬಡಿಯುತ್ತಿತ್ತು. ಗೂಡಿನೊಳಗೆ ನಾಯಿಗಳು. ಕೆಲಸದವರು ಅವುಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಈಜಿಸಿಕೊಂಡು ಮುಖ್ಯ ಕಟ್ಟಡದ ಮೇಲಿನ ಅಂತಸ್ತಿಗೆ ಸೇರಿಸಿದರು. ಯಾವತ್ತೂ ಒಂದನ್ನೊಂದು ಕಂಡರೆ ಕಚ್ಚಾಡುವ ನಾಯಿಗಳು ಅಂದು ಒಂದಕ್ಕೊಂದು ಅಂಟಿಕೊಂಡು ಸುಮ್ಮನೆ ಕೂತಿದ್ದವಂತೆ.

ನೀರು ಇಳಿಯಿತು. ಮತ್ತೆ ಪ್ರಯೋಗಕ್ಕೆ ನಿಲ್ಲಿಸಿದಾಗ ಕೆಲವು ನಾಯಿಗಳ ಕಲಿಕೆ ಮಾಯವಾಗಿತ್ತು. ವರ್ಷಗಟ್ಟಲೆ ಕಲಿತದ್ದು. ಅದರಲ್ಲೂ ಮೊದಲೇ ಮೆತ್ತನೆಯ ಸ್ವಭಾವದ, ಹೆದರಿಕೊಳ್ಳುವ ನಾಯಿಗಳಿಗೆ ಪೆಟ್ಟು ಜೋರಾಗಿತ್ತು. ಸ್ಪೆರಾನ್ಸ್ಕಿ ಅನ್ನುವ ಸಹಾಯಕ ಅಂಥ ಒಂದು ನಾಯಿಯ ಜೊತೆ ತಾನೇ ಕೋಣೆಯೊಳಗೆ ಕೂತ. ಪರಿಚಿತ ಮನುಷ್ಯ ಪಕ್ಕದಲ್ಲಿದ್ದಾಗ ಕಳೆದುಹೋದ ಕಲಿಕೆ ನಿಧಾನವಾಗಿ ವಾಪಸ್ ಬಂತು. ಎಲ್ಲ ಸರಿಹೋಯಿತು ಅನ್ನುವ ಹಂತ ತಲುಪಿದ ಮೇಲೆ ಅವರು ಒಂದು ಪರೀಕ್ಷೆ ಮಾಡಿದರು. ಬಾಗಿಲ ಕೆಳಗಿನಿಂದ ಕೋಣೆಯೊಳಗೆ ಸಣ್ಣಗೆ ನೀರು ಹರಿಯಬಿಟ್ಟರು. ನಾಯಿ ಎದ್ದು ನಿಂತಿತು, ಏದುಸಿರು ಬಿಟ್ಟಿತು, ತಪ್ಪಿಸಿಕೊಳ್ಳಲು ಒದ್ದಾಡಿತು. ಕಲಿಕೆ ಮತ್ತೆ ಬಿದ್ದುಹೋಯಿತು.

ಇದನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಆ ನಾಯಿಗೆ ಮತ್ತೆ ಆ ನೀರು ತೋರಿಸಬೇಕಿತ್ತಾ ಅನ್ನಿಸುತ್ತದೆ. ಅದೇ ಗುಂಪಿನಲ್ಲಿ ಹತ್ತು ವರ್ಷ ಮೊದಲು, 1914ರಲ್ಲಿ, ಶೆಂಗರ್-ಕ್ರೆಸ್ತೊವ್ನಿಕೋವಾ ಅನ್ನುವವಳು ಇನ್ನೊಂದು ಪ್ರಯೋಗ ಮಾಡಿದ್ದಳು. ವೃತ್ತ ತೋರಿಸಿದರೆ ಊಟ, ಮೊಟ್ಟೆಯಾಕಾರ ತೋರಿಸಿದರೆ ಇಲ್ಲ. ನಾಯಿ ಕಲಿಯಿತು. ಮೊಟ್ಟೆಯಾಕಾರವನ್ನು ಸ್ವಲ್ಪ ಸ್ವಲ್ಪವೇ ದುಂಡಗೆ ಮಾಡುತ್ತಾ ಹೋದರು. ಅಗಲ, ಉದ್ದದ ಲೆಕ್ಕ ಎಂಟಕ್ಕೆ ಒಂಬತ್ತು ಆದಾಗ ನಾಯಿಗೆ ಎರಡರ ನಡುವಿನ ಫರಕು ಸಿಗದಾಯಿತು. ಆದರೂ ಮೂರು ವಾರ ಬಿಡಲಿಲ್ಲ. ಅಷ್ಟು ದಿನ ಸಾಧುವಾಗಿ ನಿಲ್ಲುತ್ತಿದ್ದ ನಾಯಿ ಕಿರುಚಾಡಿತು, ಮೈಮೇಲಿದ್ದ ಸಲಕರಣೆ ಕಚ್ಚಿ ಎಳೆಯಿತು, ಕೊಳವೆ ಕಡಿದು ಹಾಕಿತು. ಮೊದಲು ಸಲೀಸಾಗಿ ಗುರುತಿಸುತ್ತಿದ್ದದ್ದನ್ನೂ ಕಳೆದುಕೊಂಡಿತು. ಹೊಡೆಯದೆ, ಬಡಿಯದೆ, ಬರೀ ಗೊಂದಲದಿಂದಲೇ ಒಂದು ಜೀವವನ್ನು ಮುರಿಯಬಹುದು ಅಂತ ಲೋಕಕ್ಕೆ ಗೊತ್ತಾದದ್ದು ಹೀಗೆ. ಪಾವ್ಲೋವ್‌ಗೆ ಈ ಋಣದ ಅರಿವಿತ್ತು. 1935ರಲ್ಲಿ ಆ ಸಂಸ್ಥೆಯ ತೋಟದಲ್ಲಿ ನಾಯಿಯ ಸ್ಮಾರಕ ನಿಂತಿತು, ಅನಗತ್ಯ ಹಿಂಸೆ ಇಲ್ಲದೆ ಈ ಬಲಿ ನಡೆಯಬೇಕು ಅನ್ನುವ ಅವನ ಮಾತು ಅದರ ಮೇಲಿದೆ. ಅನಗತ್ಯ ಯಾವುದು, ಅಗತ್ಯ ಯಾವುದು ಅಂತ ತೀರ್ಮಾನಿಸಿದವರು ಮನುಷ್ಯರೇ. ಆ ನಾಯಿಗಳಿಂದ ಕಲಿತದ್ದನ್ನು ನಾವು ಅರ್ಧಂಬರ್ಧ ಓದಿ, ಗಂಟೆಯ ಚಿತ್ರ ಬರೆದು ಮುಗಿಸಿದರೆ ಅದು ಇನ್ನೂ ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಪೀಟರ್ ಮತ್ತು ಮೊಲ

ನೆರೆ ಬಂದ ಅದೇ 1924ರಲ್ಲಿ ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞೆ ಪೀಟರ್ ಅನ್ನುವ ಪುಟ್ಟ ಮಗುವಿನ ಬಗ್ಗೆ ಲೇಖನ ಪ್ರಕಟಿಸಿದಳು. ಅದಕ್ಕೆ ನಾಲ್ಕು ವರ್ಷ ಮೊದಲು ಅಲ್ಲಿನ ಮನಶ್ಶಾಸ್ತ್ರಜ್ಞ ವಾಟ್ಸನ್ ಮತ್ತು ಅವನ ಸಹಾಯಕಿ ರೇನರ್ ಸೇರಿ ಹಸುಗೂಸೊಂದಕ್ಕೆ ಬಿಳಿ ಇಲಿ ಕಂಡರೆ ಹೆದರುವುದನ್ನು ಕಲಿಸಿ, ಆ ಹೆದರಿಕೆ ಬಿಡಿಸದೆಯೇ ಕೈಬಿಟ್ಟಿದ್ದರು. ಅದರ ಬಗ್ಗೆ ನನಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಜೋನ್ಸ್ ಉಲ್ಟಾ ದಾರಿ ಹಿಡಿದಳು. ಪೀಟರ್‌ಗೆ ಮೂರು ವರ್ಷ ತುಂಬಿರಲಿಲ್ಲ. ಮೊಲ, ಇಲಿ, ಗರಿ, ಹತ್ತಿ, ಎಲ್ಲಕ್ಕೂ ಹೆದರಿಕೆ. ಮೊದಲು, ಮೊಲಕ್ಕೆ ಹೆದರದ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟು ಅಲ್ಲಿಗೆ ಮೊಲ ತರುತ್ತಿದ್ದಳು.  ದಿನ ಕಳೆದಂತೆ ಹೆದರಿಕೆ ಸ್ವಲ್ಪ ಸ್ವಲ್ಪ ಇಳಿಯಿತು.

ಚೆನ್ನಾಗಿ ನಡೆಯುತ್ತಿದ್ದಾಗ ಪೀಟರ್‌ಗೆ ಜ್ವರ ಬಂತು. ಸ್ಕಾರ್ಲೆಟ್ ಜ್ವರ. ಸುಮಾರು ಎರಡು ತಿಂಗಳು ಆಸ್ಪತ್ರೆ. ಹುಷಾರಾಗಿ ದಾದಿಯ ಜೊತೆ ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೇಲೆ ಬಿತ್ತು. ವಾಪಸ್ ಬಂದಾಗ ಮೊಲದ ಹೆದರಿಕೆ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತ್ತು. ಬಾಗಿಲ ಕೆಳಗಿನ ನೀರು ಕಂಡ ಲೆನಿನ್‌ಗ್ರಾಡಿನ ನಾಯಿಯ ಹಾಗೇ. ಜೋನ್ಸ್ ಅದನ್ನು ಮಗುವಿನ ಹಟ ಅನ್ನಲಿಲ್ಲ, ಮನಸ್ಸು ಗಟ್ಟಿಯಿಲ್ಲ ಅನ್ನಲಿಲ್ಲ. ಮೊದಲಿಂದ ಶುರು ಮಾಡಿದಳು, ಈ ಸಲ ಬೇರೆ ದಾರಿಯಲ್ಲಿ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದೊಳಗಿನ ಮೊಲವನ್ನು, ಅವನು ತಿನ್ನುವುದು ನಿಲ್ಲಿಸದಷ್ಟು ದೂರದಲ್ಲಿ ಇಟ್ಟು, ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ ತಂದಳು. ಕೊನೆಗೆ ಮೊಲ ತನ್ನ ಬೆರಳು ಕಚ್ಚಿ ಆಡಿದರೂ ಪೀಟರ್ ಕೈ ಎಳೆದುಕೊಳ್ಳಲಿಲ್ಲ. ಇಂದಿಗೂ ಭಯಕ್ಕೆ ಕೊಡುವ ಚಿಕಿತ್ಸೆಯ ಬೇರು ಇದರಲ್ಲೇ ಇದೆ. ಆ ಚಿಕಿತ್ಸೆ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಹೊಸದನ್ನು ಕಟ್ಟುತ್ತದೆ. ಅದಕ್ಕೇ ಒಳ್ಳೆಯ ಚಿಕಿತ್ಸಕರು ಒಂದೇ ಕೋಣೆಯಲ್ಲಿ ಅಭ್ಯಾಸ ಮಾಡಿಸಿ ಬಿಡುವುದಿಲ್ಲ. ಮನೆ, ರಸ್ತೆ, ಬಸ್ಸು, ಹೀಗೆ ಬೇರೆ ಬೇರೆ ಕಡೆ ಮಾಡಿಸುತ್ತಾರೆ. ಒಂದು ಜಾಗದಲ್ಲಿ ಹೋಯಿತು ಅನ್ನಿಸಿದ ಭಯ ಇನ್ನೊಂದು ಜಾಗದಲ್ಲಿ ಎದ್ದು ಬರುತ್ತದೆ ಅಂತ ಅವರಿಗೆ ಗೊತ್ತು. ಹಾಗೆ ಬಂದರೆ ಸೋತೆ ಅಂತಲೂ ಅಲ್ಲ.

ಇದೆಲ್ಲ ಓದುತ್ತಾ ನನಗೆ ತಿರುಗಿ ತಿರುಗಿ ನೆನಪಾದದ್ದು ಚಿಕ್ಕಮ್ಮ ಆಸ್ಪತ್ರೆಯಲ್ಲಿ ಹೇಳದೆ ಬಿಟ್ಟ ಮಾತು. ಕೀಮೋಗೆ ಮೊದಲೇ ಬರುವ ಈ ವಾಂತಿ ಒಮ್ಮೆ ಅಂಟಿಕೊಂಡರೆ ಮಾಮೂಲಿ ಮಾತ್ರೆಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಯಾಕೆಂದರೆ ಅದು ಔಷಧಿಯಿಂದ ಬರುತ್ತಿಲ್ಲ, ಕಲಿಕೆಯಿಂದ ಬರುತ್ತಿದೆ. ಆದರೆ ಮೊದಲ ಸುತ್ತುಗಳಲ್ಲೇ ವಾಂತಿಯನ್ನು ಚೆನ್ನಾಗಿ ತಡೆದರೆ ಜೋಡಣೆ ಆಗುವ ಸಂಭವ ತುಂಬಾ ಕಡಿಮೆ. ಈಗ ಒಳ್ಳೆಯ ಔಷಧಿಗಳಿವೆ, ಮೊದಲ ಡೋಸ್‌ಗಿಂತ ಮುಂಚೆಯೇ ಕೊಡುತ್ತಾರೆ, ಒಂದು ಸಾಲದಿದ್ದರೆ ಬದಲಾಯಿಸುತ್ತಾರೆ. ಆದರೆ ಎಷ್ಟು ವಾಂತಿಯಾಯಿತು ಅಂತ ನಾವು ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು? ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ಶುರುವಾಗುವುದಿದ್ದರೆ, ದಯವಿಟ್ಟು ಮೊದಲ ಸುತ್ತಿಗೆ ಮುಂಚೆಯೇ ಡಾಕ್ಟರ ಹತ್ತಿರ ವಾಂತಿಯ ಬಗ್ಗೆ ಬಿಡಿಸಿ ಕೇಳಿ. ಮನೆಗೆ ಬಂದ ಮೇಲೆ ಎಷ್ಟು ಸಲ ಆಯಿತು, ಯಾವಾಗ ಆಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಸಲ ಆ ಚೀಟಿ ತೆಗೆದುಕೊಂಡು ಹೋಗಿ ತೋರಿಸಿ. ಅವರು ‘ತಡೆದುಕೊಳ್ತೀನಿ ಬಿಡು’ ಅಂದರೂ ನೀವು ಸುಮ್ಮನಿರಬೇಡಿ.